ಹಾವೇರಿಯ ಬೀಜ-ಗೊಬ್ಬರದ ಅಂಗಡಿಗೆ ಟ್ಯಾಲಿಯೋ, ಇಆರ್‌ಪಿನೆಕ್ಸ್ಟೋ, ಓಡೂವೋ?

ಹಾವೇರಿಯಲ್ಲಿ ನಾನು ಲೆಕ್ಕ ನೋಡಿಕೊಳ್ಳುವ ಬೀಜ, ಗೊಬ್ಬರ, ಎಣ್ಣೆ (ಬೆಳೆಗೆ ಹೊಡೆಯುವ ಔಷಧಿ) ಅಂಗಡಿಯ ಐಟಂ ಪಟ್ಟಿಯನ್ನೇ ಟ್ಯಾಲಿಪ್ರೈಮ್, ಇಆರ್‌ಪಿನೆಕ್ಸ್ಟ್, ಓಡೂ ಎಂಬ ಮೂರು ಲೆಕ್ಕ-ದಾಸ್ತಾನು ಸಾಫ್ಟ್‌ವೇರ್‌ಗಳಲ್ಲೂ ಹಾಕಿ ನೋಡಿದೆ. ಬಿಲ್ ಹೊಡೆಯುವುದು ಎಲ್ಲದರಲ್ಲೂ ಬರುತ್ತದೆ, ಅದನ್ನು ಹೋಲಿಸಿ ಪ್ರಯೋಜನವಿಲ್ಲ. ಗುಂಪು, ಅದರೊಳಗೆ ಉಪಗುಂಪು, ಅದರೊಳಗೆ ಐಟಂ ಎಂದು ಜೋಡಿಸಿದ ಮೇಲೆ ಆ ಜೋಡಣೆ ವರ್ಷವಿಡೀ ದುಡಿಯುತ್ತದೆಯೇ, ಇಲ್ಲ ಬರೀ ಹೆಸರಿಗೆ ಕೂತಿರುತ್ತದೆಯೇ, ಅಷ್ಟನ್ನೇ ನೋಡಿದೆ.

ಈ ಧಂದೆಯಲ್ಲಿ ಮೇಲಿನ ಹಂತ ಯಾವುದಿರಬೇಕು ಅನ್ನುವುದನ್ನು ಕಾನೂನೇ ಹೇಳಿಬಿಟ್ಟಿದೆ. ಬೀಜಕ್ಕೆ 1983ರ ಬೀಜ ನಿಯಂತ್ರಣ ಆದೇಶ, ಗೊಬ್ಬರಕ್ಕೆ 1985ರ ರಸಗೊಬ್ಬರ ನಿಯಂತ್ರಣ ಆದೇಶ, ಎಣ್ಣೆಗೆ 1968ರ ಕೀಟನಾಶಕ ಕಾಯ್ದೆ. ಲೈಸೆನ್ಸ್ ಬೇರೆ ಬೇರೆ, ಸ್ಟಾಕ್ ರಿಜಿಸ್ಟರೂ ಬೇರೆ ಬೇರೆ. ಆದ್ದರಿಂದ ಕಂಪನಿ ಹೆಸರನ್ನು ಮೇಲಿಟ್ಟು ಅದರ ಕೆಳಗೆ ಬೀಜ, ಎಣ್ಣೆ ಎಲ್ಲ ತುಂಬುವ ರೂಢಿ ನನಗೆ ಒಪ್ಪಿಗೆಯಿಲ್ಲ. ಕೃಷಿ ಇಲಾಖೆಯವರು ಬಂದು ಎಣ್ಣೆಯ ದಾಸ್ತಾನು ತೋರಿಸಿ ಅಂದರೆ ಒಂದೊಂದೇ ಕಂಪನಿ ತೆರೆದು ಕೂಡಿಸುತ್ತ ಕೂರಬೇಕಾಗುತ್ತದೆ. ಹೀಗಾಗಿ ಮೂರರಲ್ಲೂ ಬೀಜ, ಗೊಬ್ಬರ, ಎಣ್ಣೆ ಎಂದೇ ಶುರುಮಾಡಿದೆ. ಬೀಜದ ಕೆಳಗೆ ಗೋವಿನಜೋಳ, ಹತ್ತಿ, ತರಕಾರಿ. ಎಣ್ಣೆಯ ಕೆಳಗೆ ಕೀಟ, ರೋಗ, ಕಳೆ.

ಕಂಪನಿ ಎಲ್ಲಿ ಹೋಯಿತು? ಇಲ್ಲೇ ಟ್ಯಾಲಿ ನನ್ನ ಮನಸ್ಸು ಗೆದ್ದದ್ದು. ಅದರಲ್ಲಿ ಸ್ಟಾಕ್ ಗ್ರೂಪ್ (ಸರಕಿನ ಗುಂಪು) ಒಂದು ಮರ, ಅಂದರೆ ಗುಂಪಿನೊಳಗೆ ಉಪಗುಂಪು ಎಂದು ಕವಲೊಡೆಯುವ ಜೋಡಣೆ; ಸ್ಟಾಕ್ ಕೆಟಗರಿ (ಸರಕಿನ ವರ್ಗ) ಇನ್ನೊಂದು ಮರ. ಒಂದೇ ಐಟಂ ಎರಡರಲ್ಲೂ ಕೂರುತ್ತದೆ. ಕಂಪನಿಯನ್ನು ಕೆಟಗರಿಗೆ ಹಾಕಿದೆ. ಹಂಗಾಮು ಮುಗಿದ ಮೇಲೆ ಯಾವ ಕಂಪನಿಗೆ ಎಷ್ಟು ಬೀಜ ವಾಪಸ್ ಕಳಿಸಬೇಕು ಅನ್ನುವುದು ಕೆಟಗರಿ ತೆರೆದರೆ ಸಿಗುತ್ತದೆ, ಲೈಸೆನ್ಸ್‌ವಾರು ಲೆಕ್ಕ ಗ್ರೂಪ್ ತೆರೆದರೆ ಸಿಗುತ್ತದೆ.

ಜಿಎಸ್‌ಟಿಯನ್ನೂ ಗ್ರೂಪಿಗೇ ಕಟ್ಟಬಹುದು. ಬಿತ್ತನೆ ಬೀಜಕ್ಕೆ ತೆರಿಗೆಯಿಲ್ಲ, ರಸಗೊಬ್ಬರಕ್ಕೆ ಶೇ. 5, ರಾಸಾಯನಿಕ ಕೀಟನಾಶಕಕ್ಕೆ ಶೇ. 18. ಐಟಂನಲ್ಲಿ ಬೇರೆ ದರ ಬರೆಯದಿದ್ದರೆ ಗ್ರೂಪಿನ ದರವೇ ಇಳಿದು ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹಲವು ಸೂಕ್ಷ್ಮ ಪೋಷಕಾಂಶಗಳ ದರ ಶೇ. 12ರಿಂದ 5ಕ್ಕೆ ಬಂತಲ್ಲ, ಅವನ್ನು ಪ್ರತ್ಯೇಕ ಉಪಗುಂಪಿನಲ್ಲಿಟ್ಟವರು ತಾರೀಖು ಹಾಕಿ ಒಂದು ಕಡೆ ತಿದ್ದಿದರೆ ಮುಗಿಯಿತು. ಗ್ರೂಪ್ ಮಾಡುವಾಗ ಪರಿಮಾಣಗಳನ್ನು ಕೂಡಿಸಬೇಕೇ ಎಂದು ಟ್ಯಾಲಿ ಒಂದು ಪ್ರಶ್ನೆ ಕೇಳುತ್ತದೆ. ಬಹಳ ಜನ ಎಂಟರ್ ಒತ್ತಿ ಮುಂದೆ ಹೋಗುತ್ತಾರೆ. ಯೋಚಿಸಿ ಉತ್ತರ ಕೊಡಿ. ಯೂರಿಯಾ ಚೀಲ 45 ಕೆಜಿ, ಡಿಎಪಿ ಚೀಲ 50. ಚೀಲಕ್ಕೆ ಚೀಲ ಕೂಡಿಸಿದರೆ ಬರುವ ಅಂಕಿ ಹಮಾಲಿಗೆ ಸರಿ, ಟನ್ ಲೆಕ್ಕಕ್ಕೆ ತಪ್ಪು.

ಇಆರ್‌ಪಿನೆಕ್ಸ್ಟ್‌ನಲ್ಲಿ ಮರ ಕಣ್ಣಿಗೇ ಕಾಣುತ್ತದೆ. ಕೊಂಬೆ ಆಗಬೇಕಾದದ್ದಕ್ಕೆ ‘ಈಸ್ ಗ್ರೂಪ್’ ಟಿಕ್ ಹಾಕಿದರೆ ಆಯಿತು. ಒಳಗಿನ ಕೆಲಸವೂ ಸೊಗಸು: ಪ್ರತಿ ಗುಂಪಿಗೆ ಎಡ, ಬಲ ಎಂದು ಎರಡು ಅಂಕಿ. ಎಣ್ಣೆಗೆ 10 ಮತ್ತು 25 ಇದ್ದರೆ ಅದರ ಮಕ್ಕಳು, ಮೊಮ್ಮಕ್ಕಳ ಅಂಕಿಗಳೆಲ್ಲ ಆ ನಡುವೆಯೇ. ಹಾಗಾಗಿ ಸ್ಟಾಕ್ ವರದಿಯಲ್ಲಿ ಎಣ್ಣೆ ಅಂತ ಆರಿಸಿದರೆ ಎಷ್ಟು ಆಳದಲ್ಲಿದ್ದರೂ ಎಲ್ಲವೂ ಬರುತ್ತದೆ. ಐಟಂಗೆ ತೆರಿಗೆ ಬರೆದಿರದಿದ್ದರೆ ಗುಂಪು, ಅದರ ಮೇಲಿನ ಗುಂಪು ಅಂತ ಹತ್ತಿ ಹುಡುಕುತ್ತದೆ. 100 ಮಿ.ಲೀ., 250 ಮಿ.ಲೀ., 1 ಲೀಟರ್ ಬಾಟಲಿಗಳನ್ನು ಒಂದೇ ಐಟಂನ ವೇರಿಯಂಟ್ (ಬೇರೆ ಬೇರೆ ರೂಪ) ಮಾಡಬಹುದು, ಬಾಟಲಿ ಗಾತ್ರಕ್ಕೊಂದು ಹಂತ ಬೇಕಾಗುವುದಿಲ್ಲ. ಟ್ಯಾಲಿಯಲ್ಲಿ ಇವು ಬೇರೆ ಬೇರೆ ಐಟಂಗಳೇ. ಆದರೆ ಇಲ್ಲಿ ಕಂಪನಿಗೆ ಸಿಗುವುದು ಬ್ರ್ಯಾಂಡ್ ಅನ್ನುವ ಒಂದು ಸಾದಾ ಪಟ್ಟಿ, ಅದರಲ್ಲಿ ಉಪಹಂತವಿಲ್ಲ.

ಓಡೂ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಎಣ್ಣೆ / ಕಳೆ’ ಎಂದು ಪೂರ್ತಿ ದಾರಿಯನ್ನೇ ಹೆಸರಿನಲ್ಲಿ ತೋರಿಸುವುದು ಹೊಸ ಹುಡುಗರಿಗೆ ಅನುಕೂಲ. ಒಂದು ವರ್ಗಕ್ಕೆ ಬರೆದ ದರಪಟ್ಟಿ ಕೆಳಗಿನವಕ್ಕೂ ಅನ್ವಯಿಸುತ್ತದೆ. ಆದರೆ ತೆರಿಗೆಯನ್ನು ಕಟ್ಟುವುದು ಪ್ರಾಡಕ್ಟಿಗೆ, ವರ್ಗಕ್ಕಲ್ಲ. ಸರಕಿನ ವೆಚ್ಚ ಲೆಕ್ಕಹಾಕುವ ಪದ್ಧತಿ ವರ್ಗದ ಮೇಲೇ ಇದ್ದರೂ ಮೇಲಿನದು ಕೆಳಗೆ ತಾನಾಗಿ ಇಳಿಯುವುದಿಲ್ಲ. ಮೂರು ಲೈಸೆನ್ಸ್, ಮೂರು ದರದ ಅಂಗಡಿಗೆ ಇದು ದೊಡ್ಡ ಕೊರತೆ.

ಸರಕಿನ ಮಟ್ಟಿಗೆ ಟ್ಯಾಲಿಯೇ ಮೇಲು. ಉದ್ರಿಗೆ ಬಂದರೆ ನನ್ನ ಅಭಿಪ್ರಾಯ ತಿರುಗುತ್ತದೆ. ಗೋವಿನಜೋಳ ಮಾರಿ ಹಣ ಕೊಡುವ ರೈತರಿರುತ್ತಾರೆ, ನಮ್ಮಿಂದ ಒಯ್ದು ಹಳ್ಳಿಯಲ್ಲಿ ಮಾರುವ ಸಣ್ಣ ಅಂಗಡಿಯವರೂ ಇರುತ್ತಾರೆ. ಟ್ಯಾಲಿಯಲ್ಲಿ ಒಂದು ಲೆಡ್ಜರ್ (ಒಬ್ಬ ಗಿರಾಕಿಯ ಖಾತೆ) ಒಂದೇ ಗ್ರೂಪಿನಲ್ಲಿ. ಸಂಡ್ರಿ ಡೆಟರ್ಸ್ (ಬಾಕಿದಾರರ ಗುಂಪು) ಕೆಳಗೆ ಗುತ್ತಲ, ಕರ್ಜಗಿ ಎಂದು ಹೋಬಳಿವಾರು ಮಾಡಿದರೆ ಪ್ರತಿ ಹೋಬಳಿಯೊಳಗೆ ರೈತರು, ಅಂಗಡಿಯವರು ಎಂದು ಮತ್ತೆ ಒಡೆಯಬೇಕು. ಇಆರ್‌ಪಿನೆಕ್ಸ್ಟ್‌ನಲ್ಲಿ ಟೆರಿಟರಿ (ಪ್ರದೇಶ), ಕಸ್ಟಮರ್ ಗ್ರೂಪ್ (ಗಿರಾಕಿಗಳ ಗುಂಪು) ಎರಡೂ ಸ್ವತಂತ್ರ ಮರಗಳು. ಗುತ್ತಲ ಹೋಬಳಿ, ರೈತರು ಮಾತ್ರ ಎಂದು ಕೇಳಿದರೆ ಬಾಕಿ ಪಟ್ಟಿ ಹಾಗೇ ಬರುತ್ತದೆ. ವಸೂಲಿಗೆ ಬೈಕ್ ಹತ್ತಿ ಹೊರಡುವ ಹುಡುಗನ ಕೈಗೆ ಕೊಡಬೇಕಾದದ್ದು ಈ ಪಟ್ಟಿಯೇ.

ಈ ಅಂಗಡಿ ಒಂದೇ, ಉದ್ರಿ ಹೆಚ್ಚಾಗಿ ಎರಡು ಹೋಬಳಿಯದು. ಅದಕ್ಕೆ ಟ್ಯಾಲಿಯನ್ನೇ ಇಟ್ಟುಕೊಳ್ಳಿ ಅಂದೆ: ಸರಕಿಗೆ ಗ್ರೂಪ್ ಮತ್ತು ಕೆಟಗರಿ, ರೈತರಿಗೆ ಹೋಬಳಿವಾರು ಗುಂಪು, ಸಣ್ಣ ಅಂಗಡಿಯವರಿಗೆಲ್ಲ ಸೇರಿ ಬೇರೆ ಒಂದು. ರಾಣೆಬೆನ್ನೂರಿಗೋ ಹಾನಗಲ್ಲಿಗೋ ಶಾಖೆ ಚಾಚಿ, ಏಳೆಂಟು ಹೋಬಳಿಗೆ ಉದ್ರಿ ಹರಡುವ ಯೋಜನೆ ಇದ್ದವರಿಗೆ ಮಾತ್ರ ಮೊದಲಿಂದಲೇ ಇಆರ್‌ಪಿನೆಕ್ಸ್ಟ್ ಹಾಕಿಸಿ ಎನ್ನುತ್ತೇನೆ.