ಸಣ್ಣ ದಾರಿಗೆ ಎಟಿಆರೋ, ಜೆಟ್ಟೋ?

ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವೆ 400 ಕಿ.ಮೀ. ಅಂತ ಇಟ್ಟುಕೊಳ್ಳಿ. ಇದು ನೇರ ಗೆರೆಯ ದೂರ, ರಸ್ತೆಯಲ್ಲಿ ಹೋದರೆ ಜಾಸ್ತಿಯೇ ಆಗುತ್ತದೆ. ಹೊರಗೆ ಫ್ಯಾನ್ (ಪ್ರೊಪೆಲ್ಲರ್) ತಿರುಗುವ ಎಟಿಆರ್ 72 ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ, ಜೆಟ್ ವಿಮಾನವಾದ ಏರ್‌ಬಸ್ ಎ320 ಸುಮಾರು 830. ಲೆಕ್ಕದಲ್ಲಿ 48 ನಿಮಿಷ, 29 ನಿಮಿಷ.

ಆದರೆ ಆ 19 ನಿಮಿಷ ಪೂರ್ತಿ ಕೈಗೆ ಸಿಗುವುದಿಲ್ಲ. ಜೆಟ್ ಮೇಲೇರಿ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು ಎರಡಕ್ಕೂ ಒಂದೇ ಅಲ್ವಾ? ಟಿಕೆಟ್‌ನಲ್ಲಿ ಕಾಣುವ ಸಮಯದಲ್ಲಿ ಅದೂ ಸೇರಿರುತ್ತದೆ. 1000 ಕಿ.ಮೀ. ಆದರೆ ಮಾತು ಬೇರೆ: ಮುಕ್ಕಾಲು ಗಂಟೆಯ ಹತ್ತಿರ ಉಳಿಯುತ್ತದೆ. ಅಲ್ಲಿ ಕಣ್ಣುಮುಚ್ಚಿ ಜೆಟ್ ಹತ್ತಿ.

ಎಟಿಆರ್‌ನಲ್ಲಿ ಸದ್ದು ಜಾಸ್ತಿ, ಫ್ಯಾನ್ ಪಕ್ಕದ ಸೀಟಲ್ಲಂತೂ ಗುಂಯ್ ಅನ್ನುತ್ತಲೇ ಇರುತ್ತದೆ. ಹಿಂದೆ ಕೂತರೆ ವಾಸಿ. ಬ್ಯಾಗ್ ಇಡುವ ಜಾಗವೂ ಚಿಕ್ಕದು. ಆದರೆ ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನ ಹೊಳೆ, ಗದ್ದೆ ಎಲ್ಲ ಕಾಣುತ್ತವೆ. ಮಧ್ಯದ ಕಿಟಕಿ ಸಿಕ್ಕರೆ ಚಕ್ರ ನೆಲ ಮುಟ್ಟುವುದನ್ನೂ ನೋಡಬಹುದು. 400 ಕಿ.ಮೀ.ಗೆ ನಾನಾದರೆ ವಿಮಾನ ಯಾವುದು ಅಂತ ನೋಡುವುದಿಲ್ಲ, ಹೊರಡುವ ಹೊತ್ತು ನೋಡುತ್ತೇನೆ.