ಫ್ರೀ ಜಾಝ್: ಎಡಕಿವಿಗೆ ಒಂದು ತಂಡ, ಬಲಕಿವಿಗೆ ಇನ್ನೊಂದು

ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಓರ್ನೆಟ್ ಕೋಲ್ಮನ್ ಅವರ 'ಫ್ರೀ ಜಾಝ್' ಆಲ್ಬಂ ಕೇಳಬೇಕು ಅಂತಿದ್ದರೆ ದಯವಿಟ್ಟು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ನಾನು ಮೊದಲ ಸಲ ಹಾಗೇ ಕೇಳಿದ್ದೆ, ಹತ್ತು ನಿಮಿಷಕ್ಕೆ ನಿಲ್ಲಿಸಿಬಿಟ್ಟೆ. ಎಂಟು ಜನ ಒಬ್ಬರ ಮಾತು ಒಬ್ಬರು ಕೇಳದೆ ಕೂಗಾಡುತ್ತಿದ್ದಾರೆ ಅನ್ನಿಸಿತ್ತು. ಆಮೇಲೆ ಎಷ್ಟೋ ತಿಂಗಳು ಅದರ ಹತ್ತಿರ ಹೋಗಲಿಲ್ಲ. ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ಗೊತ್ತಾಯಿತು, ನಾನು ಈ ಆಲ್ಬಂ ಅನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಯಾಕೆಂದರೆ ಇದು ಎಂಟು ಜನರ ಒಂದು ತಂಡ ಅಲ್ಲ. ನಾಲ್ಕು ನಾಲ್ಕು ಜನರ ಎರಡು ತಂಡ. ಸ್ಟೀರಿಯೋದಲ್ಲಿ ಒಂದು ತಂಡ ಎಡಕ್ಕೆ, ಇನ್ನೊಂದು ಬಲಕ್ಕೆ. ಎಡಗಡೆ ಕೋಲ್ಮನ್ ಆಲ್ಟೋ ಸ್ಯಾಕ್ಸೋಫೋನ್, ಡಾನ್ ಚೆರಿ ಪಾಕೆಟ್ ಟ್ರಂಪೆಟ್ (ಪುಟ್ಟ ಟ್ರಂಪೆಟ್), ಸ್ಕಾಟ್ ಲಫಾರೋ ಬೇಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ), ಬಿಲ್ಲಿ ಹಿಗ್ಗಿನ್ಸ್ ಡ್ರಮ್ಸ್. ಬಲಗಡೆ ಎರಿಕ್ ಡಾಲ್ಫಿ ಬೇಸ್ ಕ್ಲಾರಿನೆಟ್ (ಕೆಳದನಿಯ ಕ್ಲಾರಿನೆಟ್), ಫ್ರೆಡ್ಡಿ ಹಬಾರ್ಡ್ ಟ್ರಂಪೆಟ್, ಚಾರ್ಲಿ ಹೇಡನ್ ಬೇಸ್, ಎಡ್ ಬ್ಲ್ಯಾಕ್‌ವೆಲ್ ಡ್ರಮ್ಸ್. ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಸ್ಪೀಕರ್‌ನಲ್ಲಿ ಎರಡೂ ಕಡೆ ಬೆರೆತು ರಾಡಿಯಾಗುತ್ತದೆ. ಹೆಡ್‌ಫೋನ್‌ನಲ್ಲಿ ನೀವು ಎರಡು ತಂಡಗಳ ಮಧ್ಯೆ ಕೂತಿರುತ್ತೀರಿ.

ನಾನು ಮಾಡಿದ್ದು ಇಷ್ಟೇ. ಮೊದಲು ಎಡಕಿವಿಯದನ್ನು ಮಾತ್ರ ಕೇಳಿದೆ. ಮಾರನೇ ದಿನ ಬಲಕಿವಿಯದು. ನಾಲ್ಕೇ ಜನ ಅಂದಾಗ ಎಲ್ಲ ಎಷ್ಟು ಸ್ಪಷ್ಟ ಅಂತೀರಿ! ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ, ಯಾರು ಬೇಕಂತಲೇ ಸುಮ್ಮನಿದ್ದಾರೆ, ಎಲ್ಲಾ ಕೇಳುತ್ತದೆ. ಮೂರನೇ ದಿನ ಎರಡೂ ಕಿವಿ ಸೇರಿಸಿ ಪೂರ್ತಿ 37 ನಿಮಿಷ ಕೇಳಿದೆ. ಮೊದಲು ಗಲಾಟೆ ಅನ್ನಿಸಿದ ಜಾಗಗಳಲ್ಲೇ ಈಗ ಮಾತುಕತೆ ಕೇಳಿಸಿತು.

ಸಾಮಾನ್ಯವಾಗಿ ಜಾಝ್‌ನಲ್ಲಿ ಸೋಲೋ, ಅಂದರೆ ತಮ್ಮ ಸರದಿಯಲ್ಲಿ ಮುಂದೆ ನಿಂತು, ನುಡಿಸುವವರ ಕೆಳಗೆ ಕಾರ್ಡ್‌ಗಳ, ಅಂದರೆ ಸ್ವರಗುಚ್ಛಗಳ ಒಂದು ಸರಣಿ ಓಡುತ್ತಿರುತ್ತದೆ. ಎಲ್ಲಿಗೆ ಹೋದರೂ ಅದರೊಳಗೇ ಓಡಾಡಬೇಕು. ಇಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ. ಮೊದಲೇ ಬರೆದಿಟ್ಟದ್ದು ಸೋಲೋಗಳ ನಡುವೆ ಬರುವ ಕೆಲವು ಚಿಕ್ಕ ತುಣುಕುಗಳು, ಅಷ್ಟೇ. ಹಾಗಂತ ಏನೂ ಹಿಡಿತ ಇಲ್ಲ ಅಂದುಕೊಳ್ಳಬೇಡಿ. ಲಯ ಉದ್ದಕ್ಕೂ ಗಟ್ಟಿಯಾಗಿ ಓಡುತ್ತಲೇ ಇರುತ್ತದೆ, ಕಾಲು ತಾನಾಗಿ ಆಡುತ್ತದೆ. ಪ್ರತಿಯೊಬ್ಬರಿಗೂ ಒಂದು ಸರದಿ ಇದೆ. ಆದರೆ ಸರದಿ ಒಬ್ಬರದಾದರೂ ಉಳಿದವರು ಕೈಕಟ್ಟಿ ಕೂರಬೇಕಾಗಿಲ್ಲ, ಮನಸ್ಸಿಗೆ ಬಂದಾಗ ಒಳಗೆ ಬರಬಹುದು. ಕೋಲ್ಮನ್ ಅವರ ಸೋಲೋ ಎಲ್ಲರದಕ್ಕಿಂತ ಉದ್ದ, ಹತ್ತಿರ ಹತ್ತಿರ ಹತ್ತು ನಿಮಿಷ. ಅದರಲ್ಲಿ ಅವರು ಒಂದು ಸಣ್ಣ ತುಣುಕು ಎಸೆದರೆ ಉಳಿದ ಮೂವರು ಊದುವವರು ಅದನ್ನು ಹಿಡಿದು, ತಿರುಚಿ, ವಾಪಸ್ ಕೊಡುತ್ತಾರೆ, ಅದನ್ನು ಕೇಳಿ ಕೋಲ್ಮನ್ ಇನ್ನೊಂದು ದಾರಿ ಹಿಡಿಯುತ್ತಾರೆ. ಒಟ್ಟಿಗೆ ಸೇರಿ ಹುಟ್ಟಿಸುವುದು ಅಂದರೆ ಇದೇ ಅಲ್ವಾ?

ಇದು ಪೂರ್ತಿ ಹೊಸದೂ ಅಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನ ಹಳೇ ಜಾಝ್ ತಂಡಗಳಲ್ಲೂ ಟ್ರಂಪೆಟ್, ಕ್ಲಾರಿನೆಟ್, ಟ್ರೊಂಬೋನ್ ಒಂದೇ ಸಲ ಒಂದರ ಮೇಲೊಂದು ನುಡಿಯುತ್ತಿದ್ದವು. ಬ್ಲ್ಯಾಕ್‌ವೆಲ್ ಅದೇ ಊರಿನವರು. ಅವರ ಡ್ರಮ್ಸ್ ಕೇಳುವಾಗ ನನಗೆ ಆ ಊರಿನ ಬೀದಿ ಮೆರವಣಿಗೆಯ ನಡೆಯೇ ಕೇಳಿಸುತ್ತದೆ.

ಆದರೆ ನನ್ನ ಮನಸ್ಸು ಹೋಗಿ ನಿಲ್ಲುವುದು ಇಬ್ಬರು ಬೇಸ್‌ನವರ ಹತ್ತಿರ. ಊದುವವರೆಲ್ಲ ಮುಗಿಸಿದ ಮೇಲೆ ಅವರ ಸರದಿ ಬರುತ್ತದೆ, ಮೊದಲು ಹೇಡನ್, ಆಮೇಲೆ ಲಫಾರೋ. ಅಷ್ಟು ಹೊತ್ತಿನ ಅಬ್ಬರ ಇಳಿದು ತಂತಿಗಳ ಸದ್ದು ಉಳಿಯುತ್ತದೆ. ಹೇಡನ್ ಕೆಳಗಿನ ಸ್ವರಗಳಲ್ಲಿ ಭಾರವಾಗಿ, ನಿಧಾನಕ್ಕೆ ಹೆಜ್ಜೆ ಇಡುವವರು. ಲಫಾರೋ ಮೇಲಿನ ಸ್ವರಗಳಲ್ಲಿ ಚುರುಕಾಗಿ ಓಡುವವರು. ಒಬ್ಬರು ನೆಲ, ಒಬ್ಬರು ಹಕ್ಕಿ. ಒಬ್ಬರು ನುಡಿಸುವಾಗ ಇನ್ನೊಬ್ಬರೂ ಪೂರ್ತಿ ನಿಲ್ಲಿಸುವುದಿಲ್ಲ, ಆ ಕಿವಿಯಿಂದ ಈ ಕಿವಿಗೆ ಮಾತು ಹೋಗಿ ಬರುತ್ತಿರುತ್ತದೆ. ಈ ರೆಕಾರ್ಡಿಂಗ್ ಆಗಿದ್ದು ನ್ಯೂಯಾರ್ಕ್‌ನಲ್ಲಿ, 1960ರ ಡಿಸೆಂಬರ್ 21ರಂದು, ಒಂದೇ ದಿನದಲ್ಲಿ. ಏಳು ತಿಂಗಳು ತುಂಬುವ ಮೊದಲೇ, 1961ರ ಜುಲೈನಲ್ಲಿ, ಲಫಾರೋ ಕಾರ್ ಅಪಘಾತದಲ್ಲಿ ತೀರಿಕೊಂಡರು. 25 ವರ್ಷ. ಅದು ಗೊತ್ತಾದ ಮೇಲೆ ಆ ಭಾಗ ಬಂದಾಗಲೆಲ್ಲ ನಾನು ಮಾಡುತ್ತಿರುವ ಕೆಲಸ ಬಿಟ್ಟು ಕೂತುಬಿಡುತ್ತೇನೆ.

ಕೊರತೆಗಳೂ ಇವೆ. ಎರಡು ಡ್ರಮ್ಸ್‌ನ ಸಿಂಬಲ್‌ಗಳು, ಅಂದರೆ ಲೋಹದ ತಟ್ಟೆಗಳು, ಕೆಲವು ಕಡೆ ಸೇರಿಕೊಂಡು ಬೇಸ್ ಅನ್ನು ಮುಚ್ಚಿಹಾಕುತ್ತವೆ. ಹಬಾರ್ಡ್ ಅದ್ಭುತ ಟ್ರಂಪೆಟ್ ವಾದಕ, ಆದರೆ ಇಲ್ಲಿ ಆಗಾಗ ತಮಗೆ ಅಭ್ಯಾಸವಾದ ಸ್ವರದ ತುಣುಕುಗಳಿಗೇ ವಾಪಸ್ ಹೋಗುತ್ತಾರೆ. ಪಕ್ಕದಲ್ಲೇ ಡಾಲ್ಫಿ ಇರುವುದರಿಂದ ಅದು ಇನ್ನೂ ಜಾಸ್ತಿ ಎದ್ದು ಕಾಣುತ್ತದೆ. ಡಾಲ್ಫಿ ಅವರ ಬೇಸ್ ಕ್ಲಾರಿನೆಟ್ ಕೆಳಗಿನ ಗೊಗ್ಗರು ದನಿಯಿಂದ ಒಂದೇ ನೆಗೆತಕ್ಕೆ ಮೇಲೆ ಹಾರಿ ಮನುಷ್ಯರ ಹಾಗೆ ನಗುತ್ತದೆ, ಗೊಣಗುತ್ತದೆ. ಅದೇ ದಿನ ಅವರು ತಮ್ಮದೇ ಇನ್ನೊಂದು ಆಲ್ಬಂ, 'ಫಾರ್ ಕ್ರೈ', ಕೂಡ ರೆಕಾರ್ಡ್ ಮಾಡಿದ್ದರು. ಒಂದೇ ದಿನ ಎರಡು! ನನಗೆ ಇವತ್ತಿಗೂ ನಂಬಲು ಕಷ್ಟ.

ಎಲ್ಲರಿಗೂ ಇದು ಇಷ್ಟ ಆಗುತ್ತದೆ ಅಂತ ಹೇಳಲಾರೆ. 1962ರ ಜನವರಿಯಲ್ಲಿ ಅಮೆರಿಕದ ಜಾಝ್ ಪತ್ರಿಕೆ ಡೌನ್‌ಬೀಟ್ ಇಬ್ಬರ ಹತ್ತಿರ ವಿಮರ್ಶೆ ಬರೆಸಿತು. ಪೀಟ್ ವೆಲ್ಡಿಂಗ್ ಐದಕ್ಕೆ ಐದು ನಕ್ಷತ್ರ ಕೊಟ್ಟರು, ಜಾನ್ ಟೈನನ್ ಒಂದನ್ನೂ ಕೊಡಲಿಲ್ಲ. ನನಗೆ ಟೈನನ್ ಅವರ ಮೇಲೆ ಕೋಪ ಇಲ್ಲ. ನನ್ನ ಮೊದಲ ಹತ್ತು ನಿಮಿಷದ ಅನುಭವವೂ ಅದೇ ಆಗಿತ್ತಲ್ಲ. ಆದರೆ ನನ್ನ ಲೆಕ್ಕದಲ್ಲಿ ಇದು ನಾಲ್ಕೂವರೆ. ಅರ್ಧ ಕಳೆದದ್ದು ಆ ಸಿಂಬಲ್‌ಗಳಿಗೆ.

ಕೊಳ್ಳುವುದಾದರೆ ಸ್ಟೀರಿಯೋ ಪ್ರತಿಯನ್ನೇ ಕೊಳ್ಳಿ, ಮೋನೋದಲ್ಲಿ ಎಡ ಬಲ ಅನ್ನುವುದೇ ಇರುವುದಿಲ್ಲ. ಹಳೇ ಎಲ್‌ಪಿಯ (ಗ್ರಾಮಫೋನ್ ತಟ್ಟೆಯ) ಹೊದಿಕೆ ತುಂಬಾ ಚೆಂದ, ಕತ್ತರಿಸಿದ ಕಿಂಡಿಯಿಂದ ಒಳಗಿರುವ, ಚಿತ್ರಕಾರ ಜಾಕ್ಸನ್ ಪೊಲಾಕ್ ಅವರ ಚಿತ್ರ ಇಣುಕುತ್ತದೆ. ಆದರೆ ಎಲ್‌ಪಿಯಲ್ಲಿ ಮಧ್ಯದಲ್ಲಿ ಎದ್ದು ಹೋಗಿ ತಿರುಗಿಸಬೇಕು, ಕಟ್ಟಿಕೊಂಡ ಓಟ ಕಡಿದುಹೋಗುತ್ತದೆ. ನಾನು ಸೀಡಿಗೇ ಮತ ಹಾಕುತ್ತೇನೆ. ಅದರಲ್ಲಿ 'ಫಸ್ಟ್ ಟೇಕ್' ಅಂತ ಅವತ್ತಿನದೇ 17 ನಿಮಿಷದ ಮೊದಲ ಪ್ರಯತ್ನವೂ ಇದೆ, 1971ರವರೆಗೆ ಅದು ಹೊರಗೇ ಬಂದಿರಲಿಲ್ಲ. ಹೊಸಬರಾದರೆ ಅದರಿಂದಲೇ ಶುರು ಮಾಡಿ. ಎಡಕಿವಿಯಿಂದ.