ಮೀಟರ್ 3,412 ತೋರಿಸಿದರೆ ಕಾರು ಅಷ್ಟೇ ಓಡಿದೆ ಅಂತ ನಂಬಬೇಡಿ

ಹಳೆಯ ಕಾರು ಕೊಂಡು ಮೋಸ ಹೋಗಿ ಮೂರು ವಾರ ಆಯಿತು. ಇನ್ನೂ ಸರಿಯಾಗಿ ನಿದ್ದೆ ಬರುತ್ತಿಲ್ಲ. ಇದನ್ನು ಬರೆಯುವುದೋ ಬೇಡವೋ ಅಂತ ತುಂಬಾ ಹಿಂದೆಮುಂದೆ ನೋಡಿದೆ. ಹನ್ನೊಂದು ವರ್ಷದಿಂದ ಹಳೆಯ ಅಮೆರಿಕನ್ ಕಾರು ಸಂಗ್ರಹಿಸುತ್ತಿರುವವನು ನಾನು. ನಾಲ್ಕು ಜನ ಬಂದು ನನ್ನನ್ನೇ ಸಲಹೆ ಕೇಳುತ್ತಾರೆ. ಅಂಥವನು ಮೋಸ ಹೋದೆ ಅಂತ ಹೇಳಿಕೊಳ್ಳುವುದಕ್ಕೆ ನಾಚಿಕೆ ಆಗುತ್ತದೆ. ಆದರೆ ಕಳೆದ ಶನಿವಾರ ಕನ್ನಡ ಕೂಟದ ಊಟದಲ್ಲಿ ಹುಡುಗನೊಬ್ಬ ಬಂದು, "ಅಂಕಲ್, ಕಮ್ಮಿ ಓಡಿರೋ ಕಾರ್ವೆಟ್ ಒಂದು ನೋಡ್ತಿದೀನಿ, ಒಂಚೂರು ಹೇಳ್ತೀರಾ" ಅಂತ ಫೋನ್ ತೋರಿಸಿದ. ನನಗೆ ಕಾರು ಮಾರಿದ ಅದೇ ಫ್ಲಾರಿಡಾ ಡೀಲರ್. ಜಾಹೀರಾತಿನಲ್ಲಿ ಅದೇ ಮಾತು. ಕೈಯಲ್ಲಿದ್ದ ತಟ್ಟೆ ಅಲ್ಲೇ ಇಟ್ಟುಬಿಟ್ಟೆ.

ನಾನು ಕೊಂಡಿದ್ದು 1978ರ ಕಾರ್ವೆಟ್ ಪೇಸ್ ಕಾರ್. ಕಾರ್ವೆಟ್ ಅಂದರೆ ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು. ಪೇಸ್ ಕಾರ್ ಅಂದರೆ ರೇಸ್ ಶುರುವಾಗುವ ಮುಂಚೆ ಎಲ್ಲರ ಮುಂದೆ ಓಡುವ ಕಾರು. ಆ ವರ್ಷ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಮೊದಲ ಸಲ ಕಾರ್ವೆಟ್ ಪೇಸ್ ಕಾರ್ ಆಯಿತು. ಅದರ ನೆನಪಿಗೆ ಷೆವರ್ಲೆಯವರು 6,502 ಕಾರು ಮಾಡಿದರು. ಮೇಲೆ ಕಪ್ಪು, ಕೆಳಗೆ ಬೆಳ್ಳಿ, ಮಧ್ಯೆ ಕೆಂಪು ಗೆರೆ. ಮುಂದೆ ಬೆಲೆ ಬರುತ್ತದೆ ಅಂತ ಆಗ ಎಷ್ಟೋ ಜನ ಕೊಂಡು, ಓಡಿಸದೆ ಶೆಡ್ಡಿನಲ್ಲಿ ಮುಚ್ಚಿಟ್ಟರು. ಅದಕ್ಕೇ ಇವತ್ತಿಗೂ ನಿಜವಾಗಿ ಎರಡು ಮೂರು ಸಾವಿರ ಮೈಲಿ ಮಾತ್ರ ಓಡಿದ ಪೇಸ್ ಕಾರುಗಳು ಸಿಗುತ್ತವೆ. ಸಿಗುತ್ತವೆ ಅನ್ನುವುದೇ ಈ ಮೋಸಕ್ಕೆ ದಾರಿ. ಬೇರೆ ಯಾವುದೋ 1978ರ ಕಾರು 3,412 ಮೈಲಿ ಓಡಿದೆ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಪೇಸ್ ಕಾರ್ ಅಂದಾಗ ನಂಬಿದೆ.

ಊರಿನವರಿಗೆ ಒಂದು ಮಾತು. ಇಲ್ಲಿ ಮೈಲೇಜ್ ಅಂದರೆ ಲೀಟರಿಗೆ ಎಷ್ಟು ಕೊಡುತ್ತದೆ ಅಂತಲ್ಲ, ಹುಟ್ಟಿದಾಗಿನಿಂದ ಒಟ್ಟು ಎಷ್ಟು ಓಡಿದೆ ಅಂತ. ಸಂಗ್ರಹಕ್ಕೆ ಕೊಳ್ಳುವವರಿಗೆ ಬೆಲೆಯೆಲ್ಲಾ ಅದರ ಮೇಲೇ ನಿಂತಿದೆ.

ಕಣ್ಣು ಮುಚ್ಚಿಕೊಂಡು ಕೊಳ್ಳಲಿಲ್ಲ ನಾನು. ಸಾದಾ 1978ರ ಕಾರ್ವೆಟ್‌ಗೆ ಕಪ್ಪು ಬೆಳ್ಳಿ ಬಣ್ಣ ಹೊಡೆದು ಪೇಸ್ ಕಾರ್ ಅಂತ ಮಾರುವವರಿದ್ದಾರೆ, ಅದು ಗೊತ್ತಿತ್ತು. ಅದಕ್ಕೆ ಮೊದಲು ವಿನ್ ನಂಬರ್ ಕೇಳಿದೆ (ಚಾಸಿ ನಂಬರ್ ಅಂತೀವಲ್ಲ, ಅದೇ). ಅಸಲಿ ಪೇಸ್ ಕಾರಿನಲ್ಲಿ ಕೊನೆಯ ಆರು ಅಂಕಿ 9ರಿಂದ ಶುರುವಾಗುತ್ತದೆ. ಇದರಲ್ಲೂ ಹಾಗೇ ಇತ್ತು. ಐದನೆಯ ಅಕ್ಷರದ ಜಾಗದಲ್ಲಿ 4 ಇತ್ತು, ಅಂದರೆ ಜಾಸ್ತಿ ಶಕ್ತಿಯ ಎಲ್-82 ಎಂಜಿನ್. ಪೆಟ್ರೋಲ್ ಟ್ಯಾಂಕಿನ ಮೇಲೆ ಫ್ಯಾಕ್ಟರಿಯವರು ಅಂಟಿಸಿದ ಚೀಟಿಯ ಫೋಟೊವನ್ನೂ ಕಳಿಸಿದರು. ಎಲ್ಲಾ ತಾಳೆ ಆಯಿತು. ನಾನು ಪರೀಕ್ಷೆ ಮಾಡಿದ್ದೆಲ್ಲಾ ನಿಜವಾಗಿತ್ತು. ಅದಕ್ಕೇ ಪರೀಕ್ಷೆ ಮಾಡದೇ ಇದ್ದುದನ್ನೂ ನಂಬಿಬಿಟ್ಟೆ. ಆ ಚೀಟಿ ಕಾರು ಫ್ಯಾಕ್ಟರಿಯಿಂದ ಹೇಗೆ ಹೊರಟಿತು ಅಂತ ಹೇಳುತ್ತದೆ. ಆಮೇಲೆ ಎಷ್ಟು ಓಡಿತು ಅಂತ ಹೇಳುವುದಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲಿಲ್ಲ.

ಕಾರಿನ ಅಡಿಭಾಗದ ಫೋಟೊ ಕೇಳಿದೆ. "ಲಿಫ್ಟ್ ಮೇಲೆ ಬೇರೆ ಕಾರಿದೆ, ನಾಳೆ ಕಳಿಸ್ತೀವಿ" ಅಂದರು. ನಾಳೆ ಮತ್ತೆ ಕೇಳಿದೆ. ಮತ್ತೆ ನಾಳೆ ಅಂದರು. ಮೂರನೆಯ ದಿನ ಫೋಟೊ ಬರಲಿಲ್ಲ, ಫೋನ್ ಬಂತು. ಟೆಕ್ಸಸ್‌ನಿಂದ ಒಬ್ಬರು ಶುಕ್ರವಾರ ಬಂದು ನೋಡುತ್ತಾರಂತೆ, ನನಗಾಗಿ ಗುರುವಾರದ ತನಕ ಮಾತ್ರ ಹಿಡಿದಿಡುತ್ತಾರಂತೆ. ಫ್ಲಾರಿಡಾದ ಮೆಕ್ಯಾನಿಕ್ ಒಬ್ಬರನ್ನು ಕಳಿಸಿ ನೋಡಿಸಬಹುದಿತ್ತು. 300 ಡಾಲರ್ ಕೇಳಿದ್ದರು, ಸೋಮವಾರ ಹೋಗುತ್ತೇನೆ ಅಂದಿದ್ದರು. ಸೋಮವಾರದ ತನಕ ಕಾಯದೆ 31,500 ಡಾಲರ್ ಬ್ಯಾಂಕಿನಿಂದ ಕಳಿಸಿಬಿಟ್ಟೆ. ನಮ್ಮ ಮನೆಯವರು "ಎರಡು ದಿನ ತಡೀರಿ" ಅಂದರು. ತಡೆಯಲಿಲ್ಲ. ಟ್ರಕ್ಕಿಗೆ ಬೇರೆ 1,450.

ಕಾರು ಮಿಷಿಗನ್ನಿನ ನಮ್ಮೂರು ನೋವಾಯ್‌ಗೆ ಬಂದ ದಿನ ಖುಷಿಯೋ ಖುಷಿ. ಆಗಸ್ಟಿನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸಿಗೆ (ಹಳೆಯ ಕಾರುಗಳ ದೊಡ್ಡ ಮೆರವಣಿಗೆ ಅದು) ಮಗನನ್ನು ಕೂರಿಸಿಕೊಂಡು ಹೋಗಬೇಕು ಅಂತಿತ್ತು. ಬೆಳ್ಳಿ ಬಣ್ಣದ ಚರ್ಮದ ಸೀಟು ಹೊಸದರ ಹಾಗಿತ್ತು. ಹೊಸದರ ಹಾಗೆ ಏನು, ಹೊಸದೇ ಆಗಿತ್ತು, ಆಮೇಲೆ ಗೊತ್ತಾಯಿತು.

ಮೊದಲು ಅನುಮಾನ ಬಂದಿದ್ದು ಬಾಗಿಲಿನಿಂದ. ಡ್ರೈವರ್ ಬಾಗಿಲು ತೆಗೆದರೆ ಅರ್ಧ ಇಂಚು ಕೆಳಗೆ ಜೋತು ಬೀಳುತ್ತಿತ್ತು. ಮುಚ್ಚುವಾಗ ಎತ್ತಿ ಮುಚ್ಚಬೇಕು. ಈ ಕಾರಿನ ಬಾಗಿಲು ಉದ್ದ, ಭಾರ. ಸಾವಿರಾರು ಸಲ ತೆಗೆದು ಹಾಕಿದರೆ ಕೀಲು ಸವೆಯುತ್ತದೆ. ಶೆಡ್ಡಿನಲ್ಲಿ ನಿಂತಿದ್ದ ಕಾರಿಗೆ ಯಾಕೆ ಸವೆಯಬೇಕು? ಆಮೇಲೆ ಬ್ರೇಕ್ ಪೆಡಲ್ ನೋಡಿದೆ. ರಬ್ಬರ್ ಹೊಚ್ಚ ಹೊಸದು. 3,412 ಮೈಲಿ ಓಡಿದ ಕಾರಿಗೆ ಪೆಡಲ್ ರಬ್ಬರ್ ಯಾಕೆ ಬದಲಾಯಿಸಿದರು? ಈ ಪ್ರಶ್ನೆ ಫೋಟೊ ನೋಡಿದಾಗಲೇ ಬರಬೇಕಿತ್ತು ಅಲ್ವಾ.

ಮಾರನೆಯ ದಿನ ಹತ್ತಿರದ ಲಿವೋನಿಯಾದಲ್ಲಿ ಕಾರ್ವೆಟ್ ಕೆಲಸವನ್ನೇ ಮಾಡಿಕೊಂಡು ಬಂದಿರುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಕಾರನ್ನು ಲಿಫ್ಟಿಗೆ ಏರಿಸಿದರು, ಹಿಂದಿನ ಚಕ್ರ ಬಿಚ್ಚಿದರು, ಟಾರ್ಚ್ ಹಿಡಿದು ನೋಡಿದರು. ಏನೂ ಮಾತಾಡಲಿಲ್ಲ. ಆಮೇಲೆ ನನ್ನನ್ನು ಕರೆದು ತೋರಿಸಿದರು. ಆ ಕಾಲದ ಕಾರ್ವೆಟ್‌ನಲ್ಲಿ ಬ್ರೇಕ್ ಡಿಸ್ಕನ್ನು ಫ್ಯಾಕ್ಟರಿಯಲ್ಲೇ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಡಿಸ್ಕ್ ಬದಲಾಯಿಸಬೇಕಾದರೆ, ಹಿಂದಿನ ಬೇರಿಂಗ್ ಕೆಲಸ ಮಾಡಬೇಕಾದರೆ ಆ ರಿವೆಟನ್ನು ಕೊರೆದು ತೆಗೆಯಬೇಕು. ನನ್ನ ಕಾರಿನಲ್ಲಿ ನಾಲ್ಕು ಚಕ್ರದಲ್ಲೂ ರಿವೆಟ್ ಇರಲಿಲ್ಲ. ನಾಲ್ಕರಲ್ಲೂ! ಮೇಲಾಗಿ ಹಿಂದಿನ ಬೇರಿಂಗ್ ಮತ್ತೆ ಅಲ್ಲಾಡುತ್ತಿತ್ತು. ಒಂದು ಸಲ ಬದಲಾಯಿಸಿ, ಅದೂ ಸವೆದಿದೆ.

ಅಡಿಗೆಲ್ಲಾ ಕಪ್ಪು ಬಣ್ಣ ಹೊಸದಾಗಿ ಹೊಡೆದಿದ್ದರು. ಹಿಂದಿನ ಚಕ್ರದ ಮುಂದೆ ಫ್ರೇಮ್ ಮೇಲಕ್ಕೆ ಬಾಗುವ ಜಾಗದಲ್ಲಿ ಅವರು ಸ್ಕ್ರೂಡ್ರೈವರ್ ಒತ್ತಿದರು. ಹಪ್ಪಳದ ಚೂರಿನ ಹಾಗೆ ತುಕ್ಕು ಉದುರಿತು. ಕಾರ್ವೆಟ್‌ನ ಮೈ ಫೈಬರ್‌ಗ್ಲಾಸ್, ಹೊರಗಡೆ ತುಕ್ಕೇ ಕಾಣುವುದಿಲ್ಲ. ಒಳಗಿನ ಫ್ರೇಮ್ ಉಕ್ಕು. "ಇದು ಹುಟ್ಟಿದಾಗಿನಿಂದ ಫ್ಲಾರಿಡಾದಲ್ಲೇ ಇತ್ತು ಅಂದ್ರಾ? ಇದು ಚಳಿಗಾಲದ ಉಪ್ಪು ತಿಂದ ಕಾರು" ಅಂದರು. ಹಿಮ ಕರಗಲಿ ಅಂತ ರಸ್ತೆಗೆ ಚೆಲ್ಲುವ ಉಪ್ಪು ಅದು.

ನಾನು ಆಗಲೂ ಒಪ್ಪಲಿಲ್ಲ. ಮನೆಗೆ ಬಂದು ಸೀಟಿನ ಹಿಂದಿನ ಪೆಟ್ಟಿಗೆ ತೆಗೆದೆ, ಸಾಮಾನು ಹೊರಗೆ ಹಾಕಿದೆ, ಕಾರ್ಪೆಟ್ ಎತ್ತಿದೆ. ಅದರಡಿಯಲ್ಲಿ ಮಡಚಿದ ಒಂದು ಚೀಟಿ. ಟೈರ್ ಅಂಗಡಿಯ ಬಿಲ್ಲು. ಒಹಾಯೊದ ಟೊಲೀಡೊ. 1996. ವಿನ್ ನಂಬರ್ ಇದೇ ಕಾರಿನದು. ಮೈಲೇಜ್ ಅಂತ ಬರೆದ ಕಡೆ 68,940.

ಗ್ಯಾರೇಜಿನ ನೆಲದ ಮೇಲೇ ಕೂತುಬಿಟ್ಟೆ. ಎಷ್ಟು ಸಲ ಆ ಅಂಕಿ ಓದಿದೆನೋ ಗೊತ್ತಿಲ್ಲ. 68,940. 1996ರಲ್ಲೇ ಅರವತ್ತೆಂಟು ಸಾವಿರ ಓಡಿದ ಕಾರು ಇವತ್ತು 3,412 ಹೇಗೆ ಆಗುತ್ತದೆ? ಹೀಗೆ ಆಗುತ್ತದೆ. ಈ ಕಾರಿನ ಮೀಟರಿನಲ್ಲಿ ಮೈಲಿಗೆ ಐದೇ ಮನೆ, ಆರನೆಯದು ದಶಾಂಶ. 99,999 ದಾಟಿದರೆ ತಾನಾಗಿಯೇ ಸೊನ್ನೆಗೆ ಬರುತ್ತದೆ. ಅಂದರೆ 1,03,412. ಇಲ್ಲ, ಮೀಟರನ್ನೇ ಬದಲಾಯಿಸಿದ್ದಾರೆ. ಯಾವುದಾದರೇನು, 3,412 ಅಂತೂ ಅಲ್ಲ. ಆ ಹಿರಿಯರ ಲೆಕ್ಕದಲ್ಲಿ, ಇದ್ದ ಹಾಗೆ ಮಾರಿದರೆ 12,000 ಡಾಲರ್ ಬಂದರೆ ಹೆಚ್ಚು.

ಈಗ ಡೀಲರ್ ಕೊಟ್ಟ ಉತ್ತರಗಳು. ಇವನ್ನು ಪೂರ್ತಿ ಹೇಳಲೇಬೇಕು.

ಬಿಲ್ಲಿನ ಫೋಟೊ ಕಳಿಸಿದೆ. ಮೊದಲ ಉತ್ತರ: "ಹಳೆಯ ಕಾಗದದಲ್ಲಿ ಯಾರೋ ತಪ್ಪು ಬರೆದಿರಬಹುದು. ಕಾರನ್ನು ಖುಷಿಯಿಂದ ಓಡಿಸಿ." ತುಕ್ಕು, ರಿವೆಟ್ ಎಲ್ಲದರ ಫೋಟೊ ಕಳಿಸಿದೆ. ಎರಡನೆಯದು: "ಹಿಸ್ಟರಿ ರಿಪೋರ್ಟ್ ಕ್ಲೀನ್ ಇದೆ, ನೋಡಿದ್ದೀರಿ." ವಿನ್ ನಂಬರ್ ಹಾಕಿದರೆ ಕಾರಿನ ಹಳೆಯ ದಾಖಲೆ ತೋರಿಸುವ ರಿಪೋರ್ಟ್ ಅದು. ಕ್ಲೀನ್ ಇರದೆ ಇನ್ನೇನು! ಹದಿನೇಳು ಅಂಕಿಯ ವಿನ್ ಬಂದಿದ್ದೇ 1981ರಲ್ಲಿ. ಇದರದು ಹದಿಮೂರು. ಆ ರಿಪೋರ್ಟುಗಳು ಹದಿನೇಳು ಅಂಕಿಯ ಮೇಲೆ ನಡೆಯುತ್ತವೆ, ಈ ಕಾರಿನ ಬಗ್ಗೆ ಅದರಲ್ಲಿ ಏನೂ ಇಲ್ಲ. ಏನೂ ಇಲ್ಲದ ಹಾಳೆಯನ್ನು ಕ್ಲೀನ್ ಅಂತ ಕೊಟ್ಟಿದ್ದಾರೆ. ನಾನೂ ತಗೊಂಡಿದ್ದೇನೆ.

ಮೂರನೆಯದು ಓದಿದಾಗ ಕೈ ನಡುಗಿತು. "ನಮ್ಮ ಜಾಹೀರಾತನ್ನು ಇನ್ನೊಮ್ಮೆ ಓದಿ. ಓಡೋಮೀಟರ್ 3,412 ತೋರಿಸುತ್ತದೆ ಅಂತ ಬರೆದಿದ್ದೇವೆ. ಕಾರು ಅಷ್ಟೇ ಓಡಿದೆ ಅಂತ ನಾವು ಎಲ್ಲೂ ಬರೆದಿಲ್ಲ." ತೆಗೆದು ಓದಿದೆ. ನಿಜ. ತೋರಿಸುತ್ತದೆ ಅಂತಲೇ ಇದೆ. ಫೋನಿನಲ್ಲಿ ಮಾತ್ರ "ಮೂರು ಸಾವಿರದ ಕಾರು, ಶೆಡ್ಡಿನಿಂದ ಹೊರಗೇ ಬಂದಿಲ್ಲ" ಅಂತ ಹತ್ತು ಸಲ ಹೇಳಿದ್ದರು. ಬರಹದಲ್ಲಿ ಒಂದು ಸಲವೂ ಇಲ್ಲ. ಟೈಟಲ್ ಕಾಗದದಲ್ಲಿ (ಕಾರಿನ ಮಾಲೀಕತ್ವದ ಪತ್ರ) ಮೈಲೇಜ್ ಜಾಗದಲ್ಲಿ 'ಎಕ್ಸೆಂಪ್ಟ್', ಅಂದರೆ ವಿನಾಯಿತಿ, ಅಂತಿದೆ. 2010ರ ಮಾಡೆಲ್ ಮತ್ತು ಅದಕ್ಕಿಂತ ಹಳೆಯ ಕಾರಿಗೆ ಮೈಲೇಜ್ ಬರೆದುಕೊಡುವ ಕಡ್ಡಾಯ ಈಗ ಇಲ್ಲ. ಕಡ್ಡಾಯ ಇಲ್ಲ ಅಂದರೆ ಸುಳ್ಳು ಹೇಳಬಹುದು ಅಂತಲ್ಲ. ಆದರೆ ಬರೆದುಕೊಡದೇ ಇರಬಹುದು. ಅದನ್ನೇ ಮಾಡಿದ್ದಾರೆ.

ನಾಲ್ಕನೆಯದು ಎರಡು ಸಾಲು. "ನೀವು ಸಂಗ್ರಾಹಕರು ಅಂತ ನೀವೇ ಹೇಳಿದಿರಿ. ಐದು ಅಂಕಿಯ ಮೀಟರ್ ವಿಷಯ ನಿಮಗೆ ಗೊತ್ತಿರಬೇಕಿತ್ತು." ದುಡ್ಡಿಗಿಂತ ಈ ಮಾತು ಜಾಸ್ತಿ ಸುಡುತ್ತಿದೆ. ಗೊತ್ತಿತ್ತು ನನಗೆ. ಗೊತ್ತಿದ್ದೂ ಹೀಗಾಯಿತು. ಆಸೆ ಬಿದ್ದಿದ್ದೆ.

ವಕೀಲರನ್ನು ಕೇಳಿದೆ. ಮೀಟರ್ ತಿರುಚುವುದು ಎಷ್ಟು ಹಳೆಯ ಕಾರಿನಲ್ಲಾದರೂ ಅಪರಾಧವೇ. ಆದರೆ ತಾನಾಗಿ ಸುತ್ತಿ ಬಂದಿದ್ದರೆ ಯಾರೂ ತಿರುಚಿಲ್ಲ. ಬೇಕೆಂದೇ ಮೋಸ ಮಾಡಿದರು ಅಂತ ನಾನು ತೋರಿಸಬೇಕು, ಅವರು ಹೇಳಿದ್ದೆಲ್ಲಾ ಫೋನಿನಲ್ಲಿ. ಕಾರು ಕೊಂಡ ಬಿಲ್ಲಿನಲ್ಲಿ 'ಇದ್ದ ಹಾಗೆ ಮಾರಾಟ' ಅಂತ ನನ್ನ ಸಹಿ ಇದೆ. ಆದರೂ ನೋಟಿಸ್ ಕಳಿಸಿದ್ದೇನೆ. ಬಿಡುವುದಿಲ್ಲ.

ಕೊಳ್ಳುವವರು ದಯವಿಟ್ಟು ಇಷ್ಟು ಮಾಡಿ. "ಈ ಕಾರು ಇಷ್ಟೇ ಮೈಲಿ ಓಡಿದೆ" ಅಂತ ಸಹಿ ಹಾಕಿ ಬರೆದುಕೊಡಿ ಅನ್ನಿ. ಕೊಡಲ್ಲ ಅಂದರೆ ಫೋನ್ ಇಡಿ. ಮೈಲೇಜ್ ಬರೆದ ಹಳೆಯ ಬಿಲ್ಲು, ಇನ್‌ಸ್ಪೆಕ್ಷನ್ ಚೀಟಿ, ವರ್ಷ ವರ್ಷದ್ದು ಕೇಳಿ. ಒಂದೂ ಇಲ್ಲ ಅಂದರೆ ಕಮ್ಮಿ ಓಡಿದ ಕಾರಿನ ಬೆಲೆ ಕೊಡಬೇಡಿ. 300 ಡಾಲರ್ ಕೊಟ್ಟು ಅಡಿಗೆ ಹೋಗಿ ನೋಡುವ ಒಬ್ಬರನ್ನು ಕಳಿಸಿ, ರಿವೆಟ್ ಇದೆಯಾ ಅಂತ ಕೇಳಿ. ಟೆಕ್ಸಸ್‌ನವರು ಬರುವುದಾದರೆ ಬರಲಿ ಬಿಡಿ, ಅವರೇ ಕೊಳ್ಳಲಿ.

ಆ ಹುಡುಗ ನೋಡುತ್ತಿದ್ದದ್ದು 1978ರ ಸಿಲ್ವರ್ ಆ್ಯನಿವರ್ಸರಿ ಕಾರ್ವೆಟ್. ಜಾಹೀರಾತಿನಲ್ಲಿ ಓಡೋಮೀಟರ್ 7,000 ಚಿಲ್ಲರೆ "ತೋರಿಸುತ್ತದೆ" ಅಂತಿದೆ. ಅಡಿಭಾಗದ ಫೋಟೊ ಒಂದೂ ಇಲ್ಲ. ಆ ಕಾರು ಇನ್ನೂ ಮಾರಾಟಕ್ಕಿದೆ, ಇವತ್ತು ಬೆಳಿಗ್ಗೆಯೂ ನೋಡಿದೆ. ನಮ್ಮವರು ಯಾರಾದರೂ ಫ್ಲಾರಿಡಾದಿಂದ ಇಂಥ ಕಾರು ಮಾತಾಡುತ್ತಿದ್ದರೆ ದುಡ್ಡು ಕಳಿಸುವ ಮುಂಚೆ ನನಗೊಂದು ಮಾತು ಕೇಳಿ. ಟೊಲೀಡೊ ಬಿಲ್ಲಿನ ಫೋಟೊ, ಅವರ ನಾಲ್ಕೂ ಉತ್ತರ, ಎಲ್ಲಾ ಇಟ್ಟುಕೊಂಡಿದ್ದೇನೆ. ಯಾವ ಹೊತ್ತಿಗೆ ಕೇಳಿದರೂ ಕಳಿಸುತ್ತೇನೆ.